ಗಂಟಿನ ತುಂಡು ಲ್ಯಾಬ್ ಸೇರುವ ಮುನ್ನ: ಎಫ್‌ಎನ್‌ಎಸಿ, ಬಯಾಪ್ಸಿ ಮಾಡಿಸುವವರು ತಿಳಿದಿರಬೇಕಾದ್ದು

ಕತ್ತಿನಲ್ಲೊಂದು ಗಂಟು. ಒತ್ತಿದರೆ ನೋವಿಲ್ಲ. ವಾರಗಟ್ಟಲೆ ಮಾತ್ರೆ ನುಂಗಿದರೂ ಕರಗಿಲ್ಲ. ಡಾಕ್ಟರು ಚೀಟಿಯ ಮೇಲೆ ‘ಎಫ್‌ಎನ್‌ಎಸಿ’ ಎಂಬ ಸೂಜಿ ಪರೀಕ್ಷೆ ಬರೆದಿದ್ದಾರೆ. ಅದರಲ್ಲಿ ಸ್ಪಷ್ಟವಾಗದಿದ್ದರೆ ಬಯಾಪ್ಸಿ ಎಂದಿದ್ದಾರೆ. ಬೆಂಗಳೂರು ದಕ್ಷಿಣದ ವಸಂತಪುರವಿರಲಿ, ಉತ್ತರಹಳ್ಳಿ, ಕೋಣನಕುಂಟೆ ಇರಲಿ, ಬಡಾವಣೆಯ ಎಲ್ಲ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲೂ ಪೆಥಾಲಜಿ ವಿಭಾಗ ಇರುವುದಿಲ್ಲ. ಎಷ್ಟೋ ಸಲ ತೆಗೆದ ತುಂಡನ್ನು ಡಬ್ಬಿಗೆ ಹಾಕಿ ಮನೆಯವರ ಕೈಗೇ ಕೊಟ್ಟು, ‘ಲ್ಯಾಬಿಗೆ ತಲುಪಿಸಿ’ ಎನ್ನುತ್ತಾರೆ. ಡಬ್ಬಿಯಲ್ಲಿರುವ ದ್ರವ ಯಾವುದು, ಎಷ್ಟು ಹೊತ್ತಿನೊಳಗೆ ತಲುಪಿಸಬೇಕು, ಜೊತೆಗೆ ಏನೇನು ಕಾಗದ ಕೊಡಬೇಕು ಎಂದು ಕೇಳುವ ಧೈರ್ಯ ಆ ಗಾಬರಿಯಲ್ಲಿ ಯಾರಿಗೂ ಬರುವುದಿಲ್ಲ.

ಕೇಳಲೇಬೇಕು. ಮೈಕ್ರೋಸ್ಕೋಪ್ ಎಷ್ಟೇ ಒಳ್ಳೆಯದಿರಲಿ, ನೋಡುವ ಪೆಥಾಲಜಿಸ್ಟ್ ಎಷ್ಟೇ ಅನುಭವಿಯಾಗಿರಲಿ, ಕೆಟ್ಟುಹೋದ ತುಂಡಿನಲ್ಲಿ ರೋಗವನ್ನು ಗುರುತಿಸಲಾರರು. ತುಂಡನ್ನು ಕೆಡದಂತೆ ಕಾಪಾಡುವ ಕೆಲಸದಲ್ಲಿ ರೋಗಿಗೂ ಮನೆಯವರಿಗೂ ಪಾಲಿದೆ. ಆ ಪಾಲು ಏನೆಂದು ಹೇಳುವುದು ಈ ಲೇಖನದ ಉದ್ದೇಶ.

ಬಣ್ಣ ಹಾಕುವುದು ಯಾಕೆ?

ದೇಹದಿಂದ ತೆಗೆದ ತುಂಡನ್ನು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಜೀವಕೋಶಗಳು ಬಹುಮಟ್ಟಿಗೆ ಪಾರದರ್ಶಕ. ಅವುಗಳ ಒಳಗಿನ ಭಾಗಗಳು ಬೇರೆ ಬೇರೆ ಬಣ್ಣ ಹೀರಿಕೊಂಡಾಗ ಮಾತ್ರ ಒಂದರಿಂದ ಒಂದು ಬೇರೆಯಾಗಿ ಕಾಣುತ್ತವೆ.

ಜಗತ್ತಿನ ಎಲ್ಲೆಡೆ ಹೆಚ್ಚು ಬಳಕೆಯಲ್ಲಿರುವುದು ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಜೋಡಿ ಬಣ್ಣ. ಲ್ಯಾಬಿನವರು ಇದನ್ನು ‘ಎಚ್ ಆ್ಯಂಡ್ ಇ’ ಎನ್ನುತ್ತಾರೆ. ಹಿಮಟಾಕ್ಸಿಲಿನ್ ಸಿಗುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ. ಅದು ಕೋಶಕೇಂದ್ರದ ಡಿಎನ್‌ಎಗೆ ಅಂಟಿ ನೀಲಿ ನೇರಳೆ ಬಣ್ಣ ಕೊಡುತ್ತದೆ. ಇಯೋಸಿನ್ ಕೋಶದ ಉಳಿದ ಭಾಗದ ಪ್ರೋಟೀನುಗಳಿಗೆ ಅಂಟಿ ಗುಲಾಬಿ ಬಣ್ಣ ಕೊಡುತ್ತದೆ. ಸಾಮಾನ್ಯ ಕೋಶದಲ್ಲಿ ಕೇಂದ್ರ ಚಿಕ್ಕದು, ಅಂಚು ನಯ. ಕ್ಯಾನ್ಸರ್ ಕೋಶದಲ್ಲಿ ಕೇಂದ್ರ ಹಿಗ್ಗಿರುತ್ತದೆ, ಕಪ್ಪಾಗಿರುತ್ತದೆ, ಅಂಚು ಸೊಟ್ಟಗಿರುತ್ತದೆ. ವಿಭಜನೆಯಾಗುತ್ತಿರುವ ಕೋಶಗಳು ಅಲ್ಲಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. ಪೆಥಾಲಜಿಸ್ಟ್ ಹುಡುಕುವುದು ಇಂಥ ಗುರುತುಗಳನ್ನು.

ಕ್ಷಯಕ್ಕೆ ಬೇರೆ ಬಣ್ಣ, ಝೀಲ್-ನೀಲ್ಸನ್. ಕ್ಷಯದ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಮೇಣದಂಥ ಕೊಬ್ಬಿನಂಶವಿದೆ. ಕಾರ್ಬಾಲ್ ಫ್ಯೂಕ್ಸಿನ್ ಎಂಬ ಕೆಂಪು ಬಣ್ಣವನ್ನು ಸ್ಲೈಡಿನ ಮೇಲೆ ಹಾಕಿ ಬಿಸಿ ಮಾಡಿದರೆ ಆ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಆಮ್ಲ ಹಾಕಿ ತೊಳೆದರೆ ಬೇರೆಲ್ಲದರ ಕೆಂಪು ಹೋಗುತ್ತದೆ, ಕ್ಷಯದ ಕಡ್ಡಿಗಳದ್ದು ಹೋಗುವುದಿಲ್ಲ. ಕೊನೆಯಲ್ಲಿ ಮೆಥಿಲೀನ್ ನೀಲಿ ಹಾಕಿದಾಗ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಎದ್ದು ಕಾಣುತ್ತವೆ. ವರದಿಯಲ್ಲಿ ಬರುವ ‘ಎಎಫ್‌ಬಿ’ ಎಂದರೆ ಹೀಗೆ ಆಮ್ಲಕ್ಕೂ ಬಣ್ಣ ಬಿಡದ ಬ್ಯಾಕ್ಟೀರಿಯಾ.

ಈ ಸರಳ ಪರೀಕ್ಷೆ ದೇಶದ ಕ್ಷಯ ನಿಯಂತ್ರಣದ ತಳಪಾಯವಾದದ್ದರಲ್ಲಿ ನಮ್ಮ ಊರಿನ ಪಾಲು ದೊಡ್ಡದು. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿದಾಗ, ಕ್ಷಯವಿದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಹತ್ತಿರದ ಆಸ್ಪತ್ರೆಗೆ ಹೋಗಿಬಂದಿದ್ದರು ಎಂದು ತಿಳಿದುಬಂತು. ಊರ ಆಸ್ಪತ್ರೆಯಲ್ಲೊಂದು ಮೈಕ್ರೋಸ್ಕೋಪ್ ಇಟ್ಟು, ಕೆಮ್ಮು ಎಂದು ಬಂದವರ ಕಫ ನೋಡಿದರೆ ರೋಗ ಪತ್ತೆಯಾಗುತ್ತದೆ ಎಂಬ ನಂಬಿಕೆಗೆ ಇಂಥ ಅಧ್ಯಯನಗಳು ಬಲ ಕೊಟ್ಟವು.

ಸೂಜಿ ಪರೀಕ್ಷೆ ಆಯಿತಲ್ಲ, ಮತ್ತೆ ಬಯಾಪ್ಸಿ ಯಾಕೆ?

ಎಫ್‌ಎನ್‌ಎಸಿಯಲ್ಲಿ ತೆಳುವಾದ ಸೂಜಿ ಚುಚ್ಚಿ ಗಂಟಿನೊಳಗಿನ ಬಿಡಿ ಕೋಶಗಳನ್ನು ಹೀರಿ ಸ್ಲೈಡಿನ ಮೇಲೆ ಸವರುತ್ತಾರೆ. ಕೆಲವೇ ನಿಮಿಷದ ಕೆಲಸ, ಹೊಲಿಗೆ ಬೇಡ. ಬಯಾಪ್ಸಿಯಲ್ಲಿ ಅಂಗಾಂಶದ ತುಂಡನ್ನೇ ತೆಗೆಯುತ್ತಾರೆ. ಕಿತ್ತುಬಂದ ನಾಲ್ಕು ಇಟ್ಟಿಗೆ ನೋಡಿ ಇಟ್ಟಿಗೆ ಎಂಥದೆಂದು ಹೇಳಬಹುದು, ಮನೆಯ ನಕ್ಷೆ ಹೇಳಲಾಗುವುದಿಲ್ಲ. ಎಫ್‌ಎನ್‌ಎಸಿಗೂ ಬಯಾಪ್ಸಿಗೂ ಇರುವ ವ್ಯತ್ಯಾಸ ಇಷ್ಟೇ.

ಥೈರಾಯ್ಡ್ ಗಂಟಿನ ಉದಾಹರಣೆ ನೋಡಿ. ಫಾಲಿಕ್ಯುಲರ್ ಎಂಬ ಬಗೆಯ ಗೆಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ತೀರ್ಮಾನವಾಗುವುದು ಅದು ತನ್ನ ಸುತ್ತಲ ಪೊರೆಯನ್ನೋ ರಕ್ತನಾಳವನ್ನೋ ಭೇದಿಸಿದೆಯೇ ಎಂಬುದರ ಮೇಲೆ. ಬಿಡಿ ಕೋಶಗಳಲ್ಲಿ ಪೊರೆ ಎಲ್ಲಿ ಕಾಣಬೇಕು? ಆದ್ದರಿಂದ ಗೆಡ್ಡೆಯನ್ನು ತೆಗೆದೇ ನೋಡಬೇಕಾಗುತ್ತದೆ. ‘ಮೊದಲ ಪರೀಕ್ಷೆ ಸರಿಯಾಗಿ ಮಾಡಲಿಲ್ಲ’ ಎಂದು ಬೇಸರಪಟ್ಟುಕೊಳ್ಳಬೇಡಿ. ಒಂದೊಂದು ಪರೀಕ್ಷೆಗೂ ಅದರದೇ ಮಿತಿಯಿದೆ.

ತುಂಡು ಕೊಡುವಾಗ ಅನುಸರಿಸಬೇಕಾದ ಹೆಜ್ಜೆಗಳು

1. ಮುಂಚೆಯೇ ಎಲ್ಲ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ (ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದವು) ತೆಗೆದುಕೊಳ್ಳುತ್ತಿದ್ದರೆ, ಗಾಯವಾದರೆ ರಕ್ತ ಬೇಗ ನಿಲ್ಲದಿದ್ದರೆ, ಗರ್ಭಿಣಿಯಾಗಿದ್ದರೆ, ಹಿಂದೆ ಕ್ಷಯ ಅಥವಾ ಕ್ಯಾನ್ಸರ್‌ಗೆ ಚಿಕಿತ್ಸೆಯಾಗಿದ್ದರೆ ಡಾಕ್ಟರಿಗೆ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

2. ತುಂಡು ಯಾವ ಯಾವ ಪರೀಕ್ಷೆಗೆ ಹೋಗುತ್ತದೆ ಎಂದು ಕೇಳಿ. ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಮೈಕ್ರೋಸ್ಕೋಪಿನಲ್ಲಿ ನೋಡುವ ತುಂಡು ಕೆಡದಂತೆ ಕಾಪಾಡುವ ದ್ರವವಾದ ಫಾರ್ಮಲಿನ್‌ನಲ್ಲಿರಬೇಕು. ಕ್ಷಯದ ಅನುಮಾನವಿದ್ದು ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಅಥವಾ ಸಿಬಿನಾಟ್ (ಅದರ ಡಿಎನ್‌ಎ ಹುಡುಕುವುದು) ಪರೀಕ್ಷೆ ಮಾಡಿಸಬೇಕಿದ್ದರೆ ಇನ್ನೊಂದು ತುಂಡು ಫಾರ್ಮಲಿನ್ ಇಲ್ಲದ ಶುದ್ಧ ಡಬ್ಬಿಯಲ್ಲಿ ಹೋಗಬೇಕು. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸತ್ತ ಬ್ಯಾಕ್ಟೀರಿಯಾ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ. ಇಡೀ ಗಂಟನ್ನು ಫಾರ್ಮಲಿನ್‌ಗೆ ಹಾಕಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕತ್ತಿನ ಗಂಟು ತೆಗೆಸುವವರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇದನ್ನು ಕೇಳಬೇಕು.

3. ಡಬ್ಬಿ ನೋಡಿ. ಅಗಲ ಬಾಯಿಯ, ಸೋರದ ಮುಚ್ಚಳದ ಡಬ್ಬಿ ಬೇಕು. ಮೆತ್ತಗಿರುವಾಗ ಸಣ್ಣ ಬಾಯಿಯ ಸೀಸೆಯೊಳಗೆ ನುಗ್ಗಿದ ತುಂಡು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ತುಂಡಿನ ಗಾತ್ರದ ಹತ್ತು ಪಟ್ಟಾದರೂ ಶೇ 10ರ ಫಾರ್ಮಲಿನ್ ಇರಬೇಕು. ದೇಹದಿಂದ ಬೇರ್ಪಟ್ಟ ಕೋಶಗಳನ್ನು ಅವುಗಳೊಳಗಿನ ಕಿಣ್ವಗಳೇ ಜೀರ್ಣಿಸತೊಡಗುತ್ತವೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಕೋಶವನ್ನು ಇದ್ದ ಹಾಗೇ ನಿಲ್ಲಿಸುತ್ತದೆ. ಅದು ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ. ವೇಗದಲ್ಲಿ. ದ್ರವ ಕಡಿಮೆಯಿದ್ದರೆ ತುಂಡಿನ ಹೊರಭಾಗ ಉಳಿದು ಒಳಭಾಗ ಕೊಳೆಯುತ್ತದೆ.

4. ಚೀಟಿ ಡಬ್ಬಿಯ ಮೈಮೇಲಿರಲಿ. ಮುಚ್ಚಳದ ಮೇಲೆ ಅಂಟಿಸಿದ ಚೀಟಿ ಮುಚ್ಚಳ ಬದಲಾದರೆ ಬೇರೆಯವರದಾಗುತ್ತದೆ. ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ, ದಿನಾಂಕ, ತೆಗೆದ ಸಮಯ, ಯಾವ ಜಾಗ, ಎಡವೋ ಬಲವೋ, ಇಷ್ಟನ್ನೂ ನೀವೇ ಓದಿ ನೋಡಿ. ಎರಡು ಡಬ್ಬಿಗಳಿದ್ದರೆ ಎರಡರ ಮೇಲೂ ಇರಬೇಕು.

5. ಫಾರ್ಮ್ ಖಾಲಿ ಬಿಡಬೇಡಿ. ಗಂಟು ಯಾವಾಗಿನಿಂದ ಇದೆ, ಜ್ವರ ಅಥವಾ ತೂಕ ಇಳಿಕೆ ಇದೆಯೇ, ಹಿಂದೆ ರೇಡಿಯೇಶನ್ ಆಗಿದೆಯೇ ಎಂಬ ವಿವರ, ಸ್ಕ್ಯಾನ್ ವರದಿ, ಹಳೆಯ ಎಫ್‌ಎನ್‌ಎಸಿ ವರದಿಯ ಪ್ರತಿ ಜೊತೆಗಿರಲಿ. ಗರ್ಭಕೋಶದ ಒಳಪದರದ ಬಯಾಪ್ಸಿಯಾದರೆ ಕೊನೆಯ ಮುಟ್ಟಿನ ದಿನಾಂಕ ಮತ್ತು ಹಾರ್ಮೋನ್ ಮಾತ್ರೆಗಳ ವಿವರ ಬೇಕೇ ಬೇಕು. ಆ ಪದರ ತಿಂಗಳಿಡೀ ಬದಲಾಗುತ್ತಿರುತ್ತದೆ. ದಿನ ತಿಳಿಯದೆ ಅದು ಸಹಜವೋ ಅಸಹಜವೋ ಹೇಳುವುದು ಕಷ್ಟ.

6. ಅಂದೇ ತಲುಪಿಸಿ. ಫಾರ್ಮಲಿನ್‌ನಲ್ಲಿರುವ ತುಂಡನ್ನು ಫ್ರೀಜರ್‌ನಲ್ಲಿ ಇಡಬೇಡಿ. ಮಂಜಿನ ಹರಳು ಕಟ್ಟಿ ಕೋಶಗಳು ಒಡೆಯುತ್ತವೆ. ಫಾರ್ಮಲಿನ್ ಇಲ್ಲದ ತುಂಡನ್ನು ಹೇಗೆ ಒಯ್ಯಬೇಕು, ತಂಪು ಡಬ್ಬಿ ಬೇಕೇ ಎಂದು ಆ ಲ್ಯಾಬಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

7. ರಸೀದಿ ಮತ್ತು ಬಯಾಪ್ಸಿ ಸಂಖ್ಯೆ ಪಡೆಯಿರಿ. ಮುಂದೆ ಎಲ್ಲಿಗೆ ಹೋದರೂ ನಿಮ್ಮ ತುಂಡನ್ನು ಹುಡುಕಿಕೊಡುವುದು ಆ ಸಂಖ್ಯೆಯೇ.

8. ತಡವಾದರೆ ಗಾಬರಿ ಬೇಡ. ತುಂಡು ಫಾರ್ಮಲಿನ್‌ನಲ್ಲಿ ನೆನೆಯಬೇಕು, ನೀರಿನಂಶ ತೆಗೆದು ಮೇಣದಲ್ಲಿ ಕೂರಿಸಬೇಕು, 3ರಿಂದ 5 ಮೈಕ್ರಾನ್ ತೆಳುವಾಗಿ ಕತ್ತರಿಸಬೇಕು, ಬಣ್ಣ ಹಾಕಬೇಕು. ಮೂಳೆಯಾದರೆ ಸುಣ್ಣದಂಶ ಕರಗಿಸಲು ಇನ್ನಷ್ಟು ದಿನ ಹಿಡಿಯುತ್ತದೆ. ಹೆಚ್ಚುವರಿ ಬಣ್ಣ ಅಥವಾ ‘ಐಎಚ್‌ಸಿ’ ಬೇಕೆಂದರೆ ಮತ್ತೆ ಕಾಯಬೇಕು. ತಡವಾದ ವರದಿ ಎಂದರೆ ಕೆಟ್ಟ ವರದಿ ಎಂದು ಅರ್ಥವಲ್ಲ.

ಕಫ, ಪ್ಯಾಪ್, ಮೂತ್ರ: ಸ್ಯಾಂಪಲ್ ಕೊಡುವ ಕ್ರಮ

ಕಫ. ಬೆಳಿಗ್ಗೆ ಎದ್ದಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ಕಫ ತೆಗೆಯಿರಿ. ಬಯಲಿನಲ್ಲಿ, ಬೇರೆಯವರಿಂದ ದೂರ ನಿಂತು ಕೆಮ್ಮಿ. ಬಾಯಿಯ ಎಂಜಲು ಉಗುಳಿ ಕೊಟ್ಟರೆ ಪರೀಕ್ಷೆ ವ್ಯರ್ಥ. ಸ್ಲೈಡಿನಲ್ಲಿ ಕಡ್ಡಿಗಳು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ಬ್ಯಾಕ್ಟೀರಿಯಾ ಇರಬೇಕಾಗುತ್ತದೆ. ಆದ್ದರಿಂದ ಸ್ಲೈಡ್ ನೆಗೆಟಿವ್ ಬಂದರೂ ಕೆಮ್ಮು ನಿಲ್ಲದಿದ್ದರೆ ಸಿಬಿನಾಟ್ ಅಥವಾ ಅದೇ ಬಗೆಯ ಟ್ರೂನಾಟ್ ಪರೀಕ್ಷೆಯ ಬಗ್ಗೆ ಕೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ.

ಪ್ಯಾಪ್ ಸ್ಮಿಯರ್. ಗರ್ಭಕಂಠದ ಕೋಶಗಳನ್ನು ಮೆಲ್ಲಗೆ ಸವರಿ ತೆಗೆಯುವ ಪರೀಕ್ಷೆ. ಜಾರ್ಜ್ ಪ್ಯಾಪನಿಕೊಲಾವ್ ಅವರ ಹೆಸರಿನಿಂದ ಬಂದದ್ದು. ಮುಟ್ಟಿನ ದಿನಗಳಲ್ಲಿ ಮಾಡಿಸಬೇಡಿ. ಹಿಂದಿನ ಎರಡು ದಿನ ಲೈಂಗಿಕ ಸಂಪರ್ಕ, ಒಳಗಿಡುವ ಮಾತ್ರೆ, ಕ್ರೀಮ್, ಒಳಭಾಗ ತೊಳೆಯುವುದು ಬೇಡ. ಇವು ಕೋಶಗಳನ್ನು ಮುಚ್ಚಿಬಿಡುತ್ತವೆ ಅಥವಾ ತೊಳೆದುಬಿಡುತ್ತವೆ. ಮಾಮೂಲಿ ಪ್ಯಾಪ್ ಸ್ಲೈಡನ್ನು ಸವರಿದ ತಕ್ಷಣ ಆಲ್ಕೋಹಾಲ್‌ನಲ್ಲಿ ಮುಳುಗಿಸಬೇಕು. ಗಾಳಿಗೆ ಒಣಗಿದರೆ ಕೋಶಕೇಂದ್ರ ಹಿಗ್ಗಿ ಮಸುಕಾಗುತ್ತದೆ.

ಮೂತ್ರದ ಕೋಶ ಪರೀಕ್ಷೆ. ಇಲ್ಲಿ ಬೆಳಿಗ್ಗೆಯ ಮೊದಲ ಮೂತ್ರ ಬೇಡ. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತ ಕೋಶಗಳು ಹಾಳಾಗಿರುತ್ತವೆ. ಅದರ ನಂತರದ ಮೂತ್ರವನ್ನು ಹಿಡಿದು ಆದಷ್ಟು ಬೇಗ ಲ್ಯಾಬಿಗೆ ಕೊಡಿ.

ವರದಿಯ ಪದಗಳನ್ನು ಹೀಗೆ ಅರ್ಥಮಾಡಿಕೊಳ್ಳಿ

- ಇನ್‌ಅಡಿಕ್ವೇಟ್, ಅನ್‌ಸ್ಯಾಟಿಸ್ಫ್ಯಾಕ್ಟರಿ: ನೋಡಲು ಸಾಕಷ್ಟು ಕೋಶಗಳಿರಲಿಲ್ಲ. ಇದು ನಾರ್ಮಲ್ ಅಲ್ಲ. ಪರೀಕ್ಷೆ ಮತ್ತೆ ಮಾಡಿಸಬೇಕೇ ಎಂದು ಕೇಳಬೇಕು.
- ಬಿನೈನ್: ಕ್ಯಾನ್ಸರ್ ಅಲ್ಲದ ಗಂಟು. ಡಾಕ್ಟರು ಮತ್ತೆ ಬರಲು ಹೇಳಿದ್ದರೆ ತಪ್ಪಿಸಬೇಡಿ.
- ಎಟಿಪಿಕಲ್, ಸಸ್ಪಿಶಿಯಸ್: ಕೋಶಗಳಲ್ಲಿ ಬದಲಾವಣೆ ಇದೆ, ತೀರ್ಪು ಕೊಡುವಷ್ಟಿಲ್ಲ. ಸಸ್ಪಿಶಿಯಸ್ ಎಂದರೆ ಅನುಮಾನ ಹೆಚ್ಚು. ಮುಂದಿನ ಪರೀಕ್ಷೆ ತಡಮಾಡಬಾರದು.
- ಮ್ಯಾಲಿಗ್ನಂಟ್: ಕ್ಯಾನ್ಸರ್.
- ರಿಯಾಕ್ಟಿವ್: ಸೋಂಕು ಅಥವಾ ಉರಿಯೂತಕ್ಕೆ ಪ್ರತಿಯಾಗಿ ಗ್ರಂಥಿ ಊದಿದೆ. ಆಮೇಲೂ ಗಂಟು ಬೆಳೆಯುತ್ತಿದ್ದರೆ ಮತ್ತೆ ತೋರಿಸಿ.
- ಗ್ರಾನ್ಯುಲೋಮಾ: ರೋಗನಿರೋಧಕ ಕೋಶಗಳು ಗುಂಪುಗಟ್ಟಿರುವುದು. ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣ ಕ್ಷಯ. ಶಿಲೀಂಧ್ರದ ಸೋಂಕು, ಸಾರ್ಕಾಯಿಡೋಸಿಸ್ ಮುಂತಾದವುಗಳಲ್ಲೂ ಕಾಣುತ್ತದೆ. ಗಂಟಿನ ಕ್ಷಯದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುವುದರಿಂದ ‘ಎಎಫ್‌ಬಿ ನೆಗೆಟಿವ್’ ಎಂದಮಾತ್ರಕ್ಕೆ ಕ್ಷಯವಿಲ್ಲ ಎನ್ನುವಂತಿಲ್ಲ.
- ಗ್ರೇಡ್ ಮತ್ತು ಸ್ಟೇಜ್: ಇವೆರಡೂ ಬೇರೆ ಬೇರೆ. ಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ ಎನ್ನುವುದು ಗ್ರೇಡ್. ರೋಗ ದೇಹದಲ್ಲಿ ಎಲ್ಲಿಯವರೆಗೆ ಹರಡಿದೆ ಎನ್ನುವುದು ಸ್ಟೇಜ್. ‘ಗ್ರೇಡ್ 3’ ಎಂದಿದ್ದರೆ ಮೂರನೇ ಹಂತ ಎಂದುಕೊಂಡು ಕುಸಿಯಬೇಡಿ.
- ಬೆಥೆಸ್ಡಾ ಕೆಟಗರಿ (ಥೈರಾಯ್ಡ್): 1ರಿಂದ 6ರವರೆಗೆ. ಇಲ್ಲಿ 1 ಎಂದರೆ ಒಳ್ಳೆಯದೆಂದಲ್ಲ, ಕೋಶಗಳು ಸಾಕಾಗಲಿಲ್ಲ ಎಂದು. 2 ಎಂದರೆ ಬಿನೈನ್, 6 ಎಂದರೆ ಮ್ಯಾಲಿಗ್ನಂಟ್.
- ಐಎಚ್‌ಸಿ: ಕೋಶದ ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಅಂಟುವ ಆ್ಯಂಟಿಬಾಡಿ ಬಳಸಿ ಬಣ್ಣ ಬರಿಸುವ ವಿಧಾನ. ಸ್ತನ ಕ್ಯಾನ್ಸರ್‌ನಲ್ಲಿ ‘ಇಆರ್, ಪಿಆರ್, ಹರ್2’ ಎಂದು ಬರುವುದು ಇದರಿಂದಲೇ. ಯಾವ ಔಷಧಿ ನಾಟುತ್ತದೆ ಎಂದು ಹೇಳುವುದರಿಂದ ಖರ್ಚೆಂದು ಬಿಡುವಂತಿಲ್ಲ. ಹರ್2 ‘2+’ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ.
- ಕ್ಲಿನಿಕಲ್ ಕೊರಿಲೇಶನ್: ನಿಮ್ಮ ಲಕ್ಷಣ, ಸ್ಕ್ಯಾನ್, ರಕ್ತಪರೀಕ್ಷೆಗಳ ಜೊತೆ ಹೊಂದಿಸಿ ನೋಡಬೇಕು ಎಂದು ಡಾಕ್ಟರಿಗೆ ಹೇಳುವ ಮಾತು. ವರದಿಯ ಈ ಕೊನೆಯ ಸಾಲನ್ನು ಮರೆಯದೆ ತೋರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ನೀರಿಗೆ ಅಥವಾ ಸಲೈನಿಗೆ ಹಾಕುವುದು. ನೀರಿನಲ್ಲಿ ಕೋಶಗಳು ಉಬ್ಬಿ ಒಡೆಯುತ್ತವೆ. ಸಲೈನ್ ಸ್ವಲ್ಪ ಹೊತ್ತು ಒಣಗದಂತೆ ನೋಡಿಕೊಳ್ಳುತ್ತದೆಯೇ ಹೊರತು ಕೊಳೆಯುವುದನ್ನು ತಡೆಯುವುದಿಲ್ಲ.

2. ತುಂಡನ್ನು ಎರಡು ಮಾಡಿ ಎರಡು ಲ್ಯಾಬಿಗೆ ಕೊಡುವುದು. ರೋಗ ಒಂದು ಅರ್ಧದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಗೆಡ್ಡೆಯ ಅಂಚು ಪೂರ್ತಿ ಹೋಗಿದೆಯೇ ಎಂಬುದೂ ತಿಳಿಯದೆ ಹೋಗುತ್ತದೆ. ಎರಡನೇ ಅಭಿಪ್ರಾಯ ಬೇಕಾದರೆ ಒಂದೇ ಲ್ಯಾಬಿನ ಸ್ಲೈಡ್, ಬ್ಲಾಕ್ ತೆಗೆದುಕೊಂಡು ಇನ್ನೊಬ್ಬರಿಗೆ ತೋರಿಸಿ.

3. ಪರೀಕ್ಷೆಗೆ ಮೊದಲೇ ಸ್ಟೀರಾಯ್ಡ್ ಮಾತ್ರೆ ನುಂಗುವುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್‌ನಿಂದ ಲಿಂಫೋಮಾ ಎಂಬ ಕ್ಯಾನ್ಸರ್‌ನ ಗಂಟು ತಾತ್ಕಾಲಿಕವಾಗಿ ಕುಗ್ಗಿ, ಬಯಾಪ್ಸಿಯಲ್ಲಿ ರೋಗ ಮರೆಯಾಗಬಹುದು. ಕೆಲವು ಆ್ಯಂಟಿಬಯಾಟಿಕ್‌ಗಳು ಕ್ಷಯವನ್ನು ಹೀಗೇ ಮರೆಮಾಡುತ್ತವೆ.

4. ‘ಸೂಜಿ ಚುಚ್ಚಿದರೆ ಹರಡುತ್ತೆ’ ಎಂದು ಬಿಟ್ಟುಬಿಡುವುದು. ಸೂಜಿಯಿಂದ ರೋಗ ಹರಡುವುದು ಬಹಳ ಅಪರೂಪ. ಅಂಥ ಅಪಾಯವಿರುವ ಜಾಗಗಳಲ್ಲಿ ಡಾಕ್ಟರುಗಳೇ ಬೇರೆ ದಾರಿ ಹಿಡಿಯುತ್ತಾರೆ. ಪರೀಕ್ಷೆ ಮುಂದೂಡಿ ಕಳೆದ ತಿಂಗಳುಗಳಲ್ಲಿ ರೋಗ ಹರಡುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

5. ವರದಿಯ ಒಂದೇ ಪುಟ ವಾಟ್ಸ್ಆ್ಯಪ್ ಮಾಡುವುದು. ತೀರ್ಮಾನ ಮೊದಲ ಪುಟದಲ್ಲಿದ್ದರೂ ಅಂಚು, ಗ್ರೇಡ್, ಸೂಚನೆಗಳು ಎರಡನೆಯದರಲ್ಲಿರಬಹುದು. ಎಲ್ಲ ಪುಟ ಕಳಿಸಿ, ಮೂಲ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.

ಎಚ್ಚರಿಕೆ

ಫಾರ್ಮಲಿನ್ ವಿಷ. ಅದರ ಆವಿಯಿಂದ ಕಣ್ಣು ಗಂಟಲು ಉರಿಯುತ್ತವೆ. ಡಬ್ಬಿಯ ಮುಚ್ಚಳ ತೆಗೆದು ನೋಡಬೇಡಿ. ಕುಡಿಯುವ ನೀರಿನ ಬಾಟಲಿಗೆ ಯಾವ ಕಾರಣಕ್ಕೂ ಹಾಕಿಸಿಕೊಳ್ಳಬೇಡಿ. ಮಕ್ಕಳ ಕೈಗೆ ಸಿಗದಂತೆ, ಪ್ಲಾಸ್ಟಿಕ್ ಚೀಲದೊಳಗೆ ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಕಣ್ಣಿಗೆ ಸಿಡಿದರೆ 15 ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಬಳಿ ಹೋಗಿ.

ಸ್ಲೈಡ್, ಬ್ಲಾಕ್ ನಿಮ್ಮ ಆಸ್ತಿಯಂತೆ ಕಾಪಾಡಿ

ಬ್ಲಾಕ್ ಎಂದರೆ ನಿಮ್ಮ ತುಂಡನ್ನು ಕೂರಿಸಿದ ಮೇಣದ ಚೂರು. ವರ್ಷಗಳ ನಂತರವೂ ಅದರಿಂದ ಹೊಸ ಸ್ಲೈಡ್ ಕತ್ತರಿಸಿ ಹೊಸ ಬಣ್ಣದ ಪರೀಕ್ಷೆ ಮಾಡಬಹುದು, ಎಷ್ಟೋ ಸಲ ಮತ್ತೆ ಬಯಾಪ್ಸಿ ಮಾಡಿಸಬೇಕಾಗುವುದಿಲ್ಲ. ಲ್ಯಾಬುಗಳು ಇವನ್ನು ನಿಗದಿತ ಕಾಲದವರೆಗೆ ಮಾತ್ರ ಇಟ್ಟುಕೊಳ್ಳುತ್ತವೆ. ಎಷ್ಟು ವರ್ಷ ಎಂದು ಕೇಳಿ ತಿಳಿದುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋಗುವಾಗ ಲಿಖಿತ ಮನವಿ ಕೊಟ್ಟು ಸ್ಲೈಡ್, ಬ್ಲಾಕ್, ವರದಿ ಮೂರನ್ನೂ ಪಡೆಯಿರಿ. ಸ್ಲೈಡುಗಳನ್ನು ಅವಕ್ಕೆಂದೇ ಇರುವ ಡಬ್ಬಿಯಲ್ಲಿಡಿ. ಬ್ಲಾಕನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

ಇಂಥ ಪರೀಕ್ಷೆಗಳಿಗೆ ಬೆಂಗಳೂರು ದಕ್ಷಿಣದವರಿಗೆ ದಾರಿಗಳು ಹತ್ತಿರದಲ್ಲೇ ಇವೆ. ಮೊದಲ ತಪಾಸಣೆಗೆ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆಯಿದೆ. ಕ್ಯಾನ್ಸರ್ ಅನುಮಾನಕ್ಕೆ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ, ಎದೆಯ ಕ್ಷಯಕ್ಕೆ ಸೋಮೇಶ್ವರನಗರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಮಿದುಳು ಮತ್ತು ನರಗಳ ಬಯಾಪ್ಸಿಗೆ ನಿಮ್ಹಾನ್ಸ್ ಇವೆ. ಖಾಸಗಿ ಲ್ಯಾಬಾದರೆ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಅದು ಅಂಗಾಂಶ ನೋಡುವ ಹಿಸ್ಟೋಪೆಥಾಲಜಿಗೂ ಅನ್ವಯವಾಗುತ್ತದೆಯೇ ಎಂದು ಕೇಳಿ.

ಮೂರು ವಾರ ಕಳೆದರೂ ಕರಗದ ಗಂಟು, ಮೂರು ವಾರ ಮಾಯದ ಬಾಯಿಹುಣ್ಣು, ಎರಡು ವಾರ ಮೀರಿದ ಕೆಮ್ಮು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಇವುಗಳಲ್ಲಿ ಯಾವುದಿದ್ದರೂ ಈ ವಾರವೇ ಡಾಕ್ಟರಿಗೆ ತೋರಿಸಿ. ಪರೀಕ್ಷೆ ಬರೆದುಕೊಟ್ಟರೆ ಮುಂದೂಡಬೇಡಿ. ಡಬ್ಬಿ ಕೈಗೆ ಬಂದಾಗ ‘ಇದರಲ್ಲಿರುವುದು ಫಾರ್ಮಲಿನ್ನೇ? ಇನ್ನೊಂದು ತುಂಡು ಬೇರೆ ಪರೀಕ್ಷೆಗೆ ಬೇಕೇ?’ ಎಂದು ಸಂಕೋಚವಿಲ್ಲದೆ ಕೇಳಿ. ಹಾಗೆ ಕೇಳುವುದು ರೋಗಿಯ ಹಕ್ಕು, ಮನೆಯವರ ಕರ್ತವ್ಯ.